ಕೇಳುವ ಹೊತ್ತು ಮೀರಿತು ಅಂತ ಬರೆದಿದ್ದೀಯಲ್ಲ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಮೊನ್ನೆ ಮಧ್ಯಾಹ್ನ ಬಂತು. ಮನೆಯ ಸುದ್ದಿ ಎಲ್ಲ ಅಮ್ಮ ಹೇಳಿರುತ್ತಾಳೆ, ನಾನು ಮತ್ತೆ ಅದನ್ನೇ ಬರೆಯುವುದಿಲ್ಲ. ಹಾಸ್ಟೆಲಿನ ಊಟದ ವಿಷಯ, ರೂಮಿನ ಫ್ಯಾನಿನ ವಿಷಯ ಓದಿದೆ, ಅದಕ್ಕೆಲ್ಲ ಆಮೇಲೆ ಉತ್ತರ ಕೊಡುತ್ತೇನೆ. ಕೊನೇ ಪುಟದಲ್ಲಿ ನಿನ್ನ ಪಿಯುಸಿ ಲೆಕ್ಕದ ವಿಷಯ ಬರೆದು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ‘ಇದೆಲ್ಲ ಎಂಟನೇ ಕ್ಲಾಸಿನಲ್ಲೇ ಕೇಳಬೇಕಿತ್ತು ದೊಡ್ಡಮ್ಮಾ, ಇನ್ನು ಕೇಳುವ ಹೊತ್ತು ಮೀರಿತು’ ಅಂತ. ಅದನ್ನು ಓದಿದ ಮೇಲೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಫೇಲಾಗಿದ್ದೇನೆ ಅಂತ ಬರೆದಿದ್ದರೂ ನನಗೆ ಇಷ್ಟು ಬೇಜಾರು ಆಗುತ್ತಿರಲಿಲ್ಲ.

ಯಾಕೆಂದರೆ ಆ ಸಾಲು ನನಗೆ ಗೊತ್ತುಂಟು. ಹದಿನೇಳನೇ ವಯಸ್ಸಿನಲ್ಲಿ ನಾನೂ ಅದನ್ನೇ ಅಂದುಕೊಂಡಿದ್ದೆ. ಯಾರಿಗೂ ಹೇಳಲಿಲ್ಲ. ನೀನು ಹೇಳಿದೆ, ಅದು ನಿನ್ನ ಪುಣ್ಯ.

ಮೊದಲು ನಿನ್ನ ಲೆಕ್ಕ ನೋಡುವ. ನಾನು ಎಕ್ಸ್ ಬರೆಯುವಲ್ಲೆಲ್ಲ ‘ಯಾ’ ಅಂತ ಬರೆಯುತ್ತೇನೆ, ಬೇಸರ ಮಾಡಬೇಡ. ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ, ಅದು 1150ರ ಪುಸ್ತಕ, ಗೊತ್ತಿಲ್ಲದ ಸಂಖ್ಯೆಗೆ ‘ಯಾವತ್ತಾವತ್’ ಅಂತ ಹೆಸರು. ಅಂದರೆ ‘ಎಷ್ಟೋ ಅಷ್ಟು’. ಚಿಕ್ಕದಾಗಿ ಬರೆಯುವಾಗ ಬರೇ ‘ಯಾ’. ಗೊತ್ತಿಲ್ಲದ್ದು ಒಂದಕ್ಕಿಂತ ಜಾಸ್ತಿ ಇದ್ದರೆ ಬಣ್ಣದ ಹೆಸರು ಇಡುತ್ತಿದ್ದರು, ಕಾಲಕ, ನೀಲಕ, ಪೀತಕ ಅಂತ. ಎಕ್ಸ್ ನೋಡಿದರೆ ನನಗೆ ಇವತ್ತಿಗೂ ಪರೀಕ್ಷೆಯ ಹಾಲ್ ನೆನಪಾಗುತ್ತದೆ. ‘ಎಷ್ಟೋ ಅಷ್ಟು’ ಅಂದರೆ ಹೆದರಿಕೆ ಆಗುವುದಿಲ್ಲ, ಅಂಗಡಿಯಲ್ಲಿ ಹೇಳುವ ಮಾತಿನ ಹಾಗೆ ಕೇಳುತ್ತದೆ.

ನಿನ್ನ ಲೆಕ್ಕ 7 − 2ಯಾ < 15. ನೀನು 7ನ್ನು ಆಚೆ ಹಾಕಿದೆ, −2ಯಾ < 8 ಆಯಿತು. ಆಮೇಲೆ −2ರಿಂದ ಭಾಗಿಸಿ ಯಾ < −4 ಅಂತ ಬರೆದೆ. ಪುಸ್ತಕದ ಹಿಂದೆ ಯಾ > −4 ಅಂತ ಉಂಟು. ಋಣ ಸಂಖ್ಯೆಯಿಂದ ಭಾಗಿಸಿದರೆ ಚಿಹ್ನೆ ತಿರುಗಬೇಕು ಅಂತ ಕ್ಲಾಸಿನಲ್ಲಿ ಹೇಳಿದರು, ಎಲ್ಲರೂ ಬರೆದುಕೊಂಡರು, ನೀನೂ ಬರೆದುಕೊಂಡೆ. ರಾತ್ರಿ ಕೂತು ‘ಎಂತಕ್ಕೆ ತಿರುಗಬೇಕು’ ಅಂತ ಯೋಚಿಸುವಾಗ, 7 ಆಚೆ ಹೋದರೆ −7 ಯಾಕಾಗುತ್ತದೆ ಅಂತಲೂ ಗೊತ್ತಿಲ್ಲ ಅಂತ ಗೊತ್ತಾಯಿತು. ಅಲ್ವಾ? ಮೂರು ವರ್ಷದಿಂದ ಕೈ ಮಾಡುತ್ತಾ ಬಂದದ್ದು ತಲೆಗೆ ಹೋಗಲೇ ಇಲ್ಲ ಅಂತ ಆಗ ಎದೆ ಧಸಕ್ಕೆಂದಿತು ಅಂತ ಬರೆದಿದ್ದೀ. ಮಗಳೇ, ಆ ಧಸಕ್ಕೆಂದದ್ದು ಬುದ್ಧಿ ಇರುವವರಿಗೆ ಆಗುವುದು. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ.

ನನ್ನದು ಹೇಳುತ್ತೇನೆ. ಹತ್ತನೇ ಕ್ಲಾಸಿನವರೆಗೆ ನಾನು ಕನ್ನಡ ಮೀಡಿಯಂ. ಸಮೀಕರಣ, ಪಕ್ಷಾಂತರ, ಎಡಭಾಗ, ಬಲಭಾಗ. ಪಿಯುಸಿಗೆ ಹೋದಾಗ ಎಲ್ಲ ಇಂಗ್ಲಿಷ್. ಬೋರ್ಡಿನ ಮೇಲೆ ಲೆಕ್ಕ ಮುಗಿಸಿ ಲೆಕ್ಚರರ್ ತಿರುಗಿ ‘ಎನಿ ಡೌಟ್ಸ್?’ ಅಂತ ಕೇಳುತ್ತಿದ್ದರು. ಇಡೀ ಕ್ಲಾಸು ತಲೆ ಅಲ್ಲಾಡಿಸುತ್ತಿತ್ತು. ನಾನೂ ಅಲ್ಲಾಡಿಸುತ್ತಿದ್ದೆ. ಅವರು ಒಳ್ಳೆಯವರೇ, ಕೇಳಿದ್ದರೆ ಹೇಳುತ್ತಿದ್ದರು. ಆದರೆ ಕೇಳಬೇಕಾದದ್ದು ಆವತ್ತಿನ ಪಾಠದ್ದಲ್ಲ, ಮೂರು ವರ್ಷ ಹಿಂದಿನದ್ದು. ಅದನ್ನು ಎದ್ದು ನಿಂತು ಹೇಗೆ ಕೇಳುವುದು? ಹಾಗೆ ಒಂದು ದಿನ, ಒಂದು ವಾರ, ಒಂದು ವರ್ಷ. ಮತ್ತೆ ನಾನು ಬಿ.ಕಾಂ. ಸೇರಿದೆ. ಬಿ.ಕಾಂ. ಕೆಟ್ಟದ್ದು ಅಂತ ಅಲ್ಲ, ಅದೇ ನನಗೆ ಅನ್ನ ಕೊಟ್ಟದ್ದು. ಆದರೆ ಇಷ್ಟಪಟ್ಟು ಹೋದದ್ದಲ್ಲ, ತಪ್ಪಿಸಿಕೊಂಡು ಹೋದದ್ದು. ಆ ವ್ಯತ್ಯಾಸ ಇಷ್ಟು ವರ್ಷವಾದರೂ ಒಳಗೆ ಕುಟುಕುತ್ತದೆ.

ಸರಿ, 7ರ ವಿಷಯ. ಅಜ್ಜನ ಅಂಗಡಿಯ ಕಥೆ ನೀನು ಸಾಕಷ್ಟು ಕೇಳಿದ್ದೀ, ಅದು ಬಿಡು. ತಕ್ಕಡಿ ಮಾತ್ರ ನೆನಪು ಮಾಡಿಕೋ, ಈಗ ನಮ್ಮ ಅಟ್ಟದಲ್ಲಿ ಉಂಟಲ್ಲ, ಹಿತ್ತಾಳೆ ತಟ್ಟೆಯದ್ದು. ಎಡ ತಟ್ಟೆಯಲ್ಲಿ ಒಂದೇ ತೂಕದ ಮೂರು ಅಚ್ಚು ಬೆಲ್ಲ, ಪಕ್ಕದಲ್ಲಿ 200 ಗ್ರಾಮಿನ ಕಲ್ಲು. ಬಲ ತಟ್ಟೆಯಲ್ಲಿ ಒಂದು ಕಿಲೋ, 500 ಗ್ರಾಂ, 200 ಗ್ರಾಂ, ಮೂರು ಕಲ್ಲು. ಮುಳ್ಳು ನೆಟ್ಟಗೆ ನಿಂತಿದೆ. ಅಜ್ಜ ಏನು ಮಾಡುತ್ತಿದ್ದರು ಗೊತ್ತಾ, ಎರಡೂ ಕೈಯಲ್ಲಿ ಒಟ್ಟಿಗೆ ಎರಡೂ ತಟ್ಟೆಯ 200ರ ಕಲ್ಲು ತೆಗೆಯುತ್ತಿದ್ದರು. ಮುಳ್ಳು ಸ್ವಲ್ಪವೂ ಅಲ್ಲಾಡುತ್ತಿರಲಿಲ್ಲ. ಉಳಿದದ್ದು ಮೂರು ಅಚ್ಚಿಗೆ 1500 ಗ್ರಾಂ, ಒಂದಕ್ಕೆ 500.

ಇಷ್ಟೇ ಮಾರಾಯ್ತಿ. ಯಾವ ಕಲ್ಲೂ ಆಚೆ ಹೋಗಲಿಲ್ಲ. ಹೋಗಿ ಬಣ್ಣ ಬದಲಾಯಿಸಲಿಲ್ಲ. ಎರಡೂ ಕಡೆಯಿಂದ ಒಂದೇ ಸಮ ತೆಗೆದದ್ದನ್ನು ನಾವು ಬರೆಯುವಾಗ ಒಂದು ಸಾಲು ನುಂಗಿ ‘ಪಕ್ಷಾಂತರ’ ಅಂದೆವು. ನಾನು ದಿನಾ ಸಂಜೆ ಆ ತಕ್ಕಡಿಯ ಎದುರು ಕೂತು ಹೋಂವರ್ಕ್ ಮಾಡಿದವಳು. ತಕ್ಕಡಿ ಕಣ್ಣ ಮುಂದೆ, ಸಮೀಕರಣ ಪುಸ್ತಕದಲ್ಲಿ, ಎರಡೂ ಒಂದೇ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದ್ದರೆ ಅಜ್ಜನೇ ಹೇಳುತ್ತಿದ್ದರೋ ಏನೋ.

ಇನ್ನು ಚಿಹ್ನೆ ತಿರುಗುವ ವಿಷಯ. ನಿನ್ನ ಹತ್ತಿರ 5 ರೂಪಾಯಿ ಉಂಟು, ನನ್ನ ಹತ್ತಿರ 2. ನಿನ್ನದು ಜಾಸ್ತಿ. ಈಗ ಎರಡನ್ನೂ ಸಾಲ ಮಾಡು. ನಿನಗೆ 5 ರೂಪಾಯಿ ಸಾಲ, ನನಗೆ 2 ರೂಪಾಯಿ ಸಾಲ. ಯಾರ ಸ್ಥಿತಿ ಮೇಲು? ನನ್ನದು. ಅಂದರೆ 2 < 5, ಆದರೆ −2 > −5. ಬ್ರಹ್ಮಗುಪ್ತರು 628ರಲ್ಲೇ ಇದನ್ನು ಧನ, ಋಣ ಅಂತ ಬರೆದಿದ್ದಾರೆ, ಸೊತ್ತು ಮತ್ತು ಸಾಲ. ನಮ್ಮ ಕನ್ನಡ ಪುಸ್ತಕದಲ್ಲೂ ಋಣ ಸಂಖ್ಯೆ ಅಂತಲೇ ಇತ್ತು. ನಾನು ಅದನ್ನು ಒಂದು ಗೆರೆಯ ಹೆಸರು ಅಂತ ಓದಿದೆ. ಋಣ ಅಂದರೆ ಸಾಲ ಅಂತ ಗೊತ್ತಿಲ್ಲದ ಕನ್ನಡದ ಹುಡುಗಿ ಉಂಟಾ? ಆದರೂ ಹೊಳೆಯಲಿಲ್ಲ.

ಇದರಲ್ಲೂ ನಂಬಿಕೆ ಬಾರದಿದ್ದರೆ ತಿರುಗಿಸದೆಯೇ ಮಾಡಿ ನೋಡು. 7 − 2ಯಾ < 15. ಎರಡೂ ಕಡೆ 2ಯಾ ಕೂಡಿಸು, 7 < 15 + 2ಯಾ. ಎರಡೂ ಕಡೆ 15 ಕಳೆ, −8 < 2ಯಾ. ಎರಡರಿಂದ ಭಾಗಿಸು, −4 < ಯಾ. ಋಣ ಸಂಖ್ಯೆಯಿಂದ ಭಾಗಿಸಲೇ ಇಲ್ಲ, ಚಿಹ್ನೆ ತಿರುಗಿಸಲೇ ಇಲ್ಲ, ಆದರೂ ಯಾ −4ಕ್ಕಿಂತ ದೊಡ್ಡದು ಅಂತಲೇ ಬಂತು. ಇದು ಮೊದಲ ಸಲ ಬಂದಾಗ ನಾನು ಪೆನ್ಸಿಲ್ ಕೆಳಗಿಟ್ಟು ಸುಮ್ನೆ ಕೂತಿದ್ದೆ. ಅಡುಗೆಮನೆಯಲ್ಲಿ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ.

ಇದೆಲ್ಲ ಶುರುವಾದದ್ದು ಎರಡು ವರ್ಷದ ಹಿಂದೆ. ನನಗೆ ಆಗ 61. ಪಕ್ಕದ ಮನೆಯ ಹುಡುಗ ಏಳನೇ ಕ್ಲಾಸು, ಅವನ ಪುಸ್ತಕದಲ್ಲಿ ತಕ್ಕಡಿಯ ಚಿತ್ರ ನೋಡಿ ನಾನು ಅವನ ಪಕ್ಕ ಕೂತೆ. ಅವನು ‘ಆಂಟಿ, ಎರಡೂ ಕಡೆ ತೆಗೀಬೇಕು’ ಅಂದ, ಅದೇನೂ ದೊಡ್ಡ ವಿಷಯ ಅಲ್ಲ ಅನ್ನುವ ಹಾಗೆ. ಆಮೇಲೆ ಎಂಟನೇದು, ಒಂಬತ್ತನೇದು, ಹಳೇ ಪುಸ್ತಕ ಒಂದೊಂದೇ ತಂದು ಮಾಡಿದೆ. ಈಗ ನಿನ್ನ ಪಿಯುಸಿ ಪುಸ್ತಕದ ಅಸಮಾನತೆಯ ಪಾಠದಲ್ಲಿದ್ದೇನೆ. ಇದನ್ನು ನಿನ್ನ ಅಮ್ಮನಿಗೂ ಹೇಳಿಲ್ಲ. ಯಾಕೆ ಹೇಳಿಲ್ಲ ಅಂತ ಬರೆಯಬೇಕು, ಇಲ್ಲದಿದ್ದರೆ ಈ ಪತ್ರಕ್ಕೆ ಅರ್ಥ ಇಲ್ಲ.

ನಿನ್ನ ಅಮ್ಮ ಎಂಟನೇ ಕ್ಲಾಸಿನಲ್ಲಿದ್ದಾಗ, ಮಳೆಗಾಲ, ಕರೆಂಟಿಲ್ಲ, ಜಗಲಿಯಲ್ಲಿ ಚಿಮಣಿ ದೀಪ ಇಟ್ಟುಕೊಂಡು ಕೂತಿದ್ದೆವು. ಅವಳು ಪುಸ್ತಕ ಹಿಡಿದುಕೊಂಡು ಬಂದು ‘ಅಕ್ಕಾ, ಆಚೆ ಹೋದರೆ ಎಂತಕ್ಕೆ ಮೈನಸ್ ಆಗುವುದು?’ ಅಂತ ಕೇಳಿದಳು. ನೀನು ಈಗ ಕೇಳಿದ್ದೇ. ನಾನು ಕಾಲೇಜಿನವಳು, ನನಗೆ ಗೊತ್ತಿರಬೇಕಿತ್ತು. ಗೊತ್ತಿಲ್ಲ ಅನ್ನಲು ಬಾಯಿ ಬರಲಿಲ್ಲ. ‘ಅಷ್ಟೂ ಗೊತ್ತಾಗುವುದಿಲ್ವಾ ನಿನಗೆ?’ ಅಂದುಬಿಟ್ಟೆ. ಜೋರಾಗಿಯೇ ಅಂದೆ. ಅವಳು ಪುಸ್ತಕ ಮುಚ್ಚಿ ಒಳಗೆ ಹೋದಳು. ಆಮೇಲೆ ನನ್ನ ಹತ್ತಿರ ಒಂದು ಲೆಕ್ಕವನ್ನೂ ಕೇಳಲಿಲ್ಲ. ‘ನಮ್ಮ ಮನೆಯವರಿಗೆ ಲೆಕ್ಕ ಹತ್ತುವುದಿಲ್ಲ’ ಅಂತ ಅವಳು ನಿನ್ನ ಎದುರು ಹೇಳುವಾಗಲೆಲ್ಲ ನನಗೆ ಆ ಚಿಮಣಿ ದೀಪ ಕಾಣುತ್ತದೆ. ಅವಳಿಗೆ ನೆನಪುಂಟೋ ಇಲ್ಲವೋ. ಅಕ್ಕನಾಗಿ ಒಮ್ಮೆ ‘ನನಗೂ ಗೊತ್ತಿಲ್ಲ, ನಾಳೆ ಒಟ್ಟಿಗೆ ಕೇಳುವ’ ಅಂದಿದ್ದರೆ ಸಾಕಿತ್ತು.

ಮತ್ತೆ ಈ ಮನೆಯವರಿಗೆ ಲೆಕ್ಕ ಹತ್ತುವುದಿಲ್ಲ ಅನ್ನುವುದೂ ಸುಳ್ಳು. ಪಿಗ್ಮಿ ಗೊತ್ತಲ್ಲ, ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಉಳಿತಾಯ, ನಮ್ಮ ಉಡುಪಿಯಲ್ಲೇ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಶುರು ಮಾಡಿದ್ದು, ಆಗ ದಿನಕ್ಕೆ ಎರಡಾಣೆ. ಅಜ್ಜನ ಕಾಲಕ್ಕೆ ಅದು ಎರಡು ರೂಪಾಯಿ ಆಗಿತ್ತು. ನನ್ನ ಕಾಲೇಜಿಗೆ 500 ರೂಪಾಯಿ ಆದರೂ ಬೇಕಿತ್ತು, ಪಿಗ್ಮಿಯಲ್ಲಿ 175 ಇತ್ತು. ಅಜ್ಜ ಬೆಲ್ಲ ಕಟ್ಟುವ ಕಾಗದದ ಮೇಲೆ ಬರೆದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು. 325 ಕಡಿಮೆ, ಅದನ್ನು ಎರಡರಿಂದ ಭಾಗಿಸಿದರೆ 162 ದಿನ ಮತ್ತೆ ಅರ್ಧ. ಅರ್ಧ ದಿನಕ್ಕೆ ಯಾರು ಪಿಗ್ಮಿ ಕಟ್ಟುತ್ತಾರೆ, 163 ಅಂತ ಬರೆದು ಸುತ್ತ ಗೆರೆ ಹಾಕಿದರು. ನಾಲ್ಕನೇ ಕ್ಲಾಸು ಓದಿದವರು. ಅವರು ಬಿಡಿಸಿದ್ದು 175 + 2ಯಾ ≥ 500. ‘ಆದರೂ’ ಅನ್ನುವ ಮಾತು ಬಂದಲ್ಲಿ ≥, ‘ಹೆಚ್ಚೆಂದರೆ’ ಅಂದಲ್ಲಿ ≤. ನಿನ್ನ ಇಂಗ್ಲಿಷ್ ಪುಸ್ತಕದ ಲೆಕ್ಕವನ್ನು ಮೊದಲು ಹೀಗೆ ನಮ್ಮ ಮಾತಿನಲ್ಲಿ ಹೇಳಿಕೊಂಡು ನೋಡು, ನನಗೆ ಅದರಿಂದ ಉಪಕಾರ ಆಯಿತು. ನಿನಗೆ ಆಗದಿದ್ದರೆ ಬಿಡು.

ಹೊತ್ತು ಮೀರಿತು ಅಂದೆಯಲ್ಲ, ಒಂದು ವಿಷಯ ಓದಿದ್ದು ಹೇಳುತ್ತೇನೆ. ಸಮ ಅನ್ನುವ ಆ ಎರಡು ಗೆರೆಯ ಚಿಹ್ನೆಯನ್ನು ರಾಬರ್ಟ್ ರೆಕಾರ್ಡ್ ಅನ್ನುವವರು 1557ರಲ್ಲಿ ಅಚ್ಚು ಹಾಕಿಸಿದರು. ನಿನ್ನನ್ನು ಕಾಡುವ <, > ಎರಡೂ ಥಾಮಸ್ ಹ್ಯಾರಿಯಟ್ ಅವರ ಪುಸ್ತಕದಲ್ಲಿ 1631ರಲ್ಲಿ ಅಚ್ಚಾದವು, ಅದೂ ಅವರು ತೀರಿಹೋದ ಮೇಲೆ. ನಡುವೆ 74 ವರ್ಷ. ಅಷ್ಟು ದೊಡ್ಡವರಿಗೆ ಅಷ್ಟು ವರ್ಷ ಹಿಡಿದಿದೆ, ನಿನಗೆ ಎಂಟನೇ ಕ್ಲಾಸಿನಿಂದ ಇಲ್ಲಿಗೆ ಮೂರು ವರ್ಷ. ಮೂರು ವರ್ಷ ಹೊತ್ತು ಮೀರಿದ್ದಾ ಮಗಳೇ? ನಾನು 44 ವರ್ಷ ಬಿಟ್ಟು ಕೇಳಿದೆ, ಅದೂ ಏಳನೇ ಕ್ಲಾಸಿನ ಹುಡುಗನ ಹತ್ತಿರ.

ಏನು ಮಾಡಬೇಕು ಅಂತ ಹೇಳಲು ನಾನು ಟೀಚರ್ ಅಲ್ಲ. ಉತ್ತರ ಬಂದ ಮೇಲೆ ಒಂದು ಸಂಖ್ಯೆ ಇಟ್ಟು ನೋಡು, ಅಷ್ಟು ಹೇಳಬಲ್ಲೆ. ನಿನ್ನ ಲೆಕ್ಕಕ್ಕೆ 0 ಇಟ್ಟಿದ್ದರೆ 7 < 15, ಸರಿ. ಆದರೆ ನೀನು ಬರೆದ ಉತ್ತರದಲ್ಲಿ 0 ಸೇರುವುದೇ ಇಲ್ಲ. −5 ಇಟ್ಟಿದ್ದರೆ 17 < 15, ತಪ್ಪು. ಹಿಂದಿನ ಪುಟ ತೆರೆಯುವ ಮೊದಲೇ ನಿನಗೆ ಗೊತ್ತಾಗುತ್ತಿತ್ತು. ಸಮೀಕರಣಕ್ಕೂ ಹಾಗೆಯೇ. ಮತ್ತೆ, ಸಾಧ್ಯವಾದರೆ, ಆ ನುಂಗಿದ ಸಾಲನ್ನು ಸ್ವಲ್ಪ ದಿನ ಪೂರ್ತಿ ಬರಿ, ಎರಡೂ ಕಡೆ ಏನು ಮಾಡಿದೆ ಅಂತ. ಪಕ್ಕದವರು ನೋಡಿ ನಗಬಹುದು. ಕ್ಲಾಸಿನಲ್ಲಿ ಎದ್ದು ಕೇಳಲು ಆಗದಿದ್ದರೆ ಸ್ಟಾಫ್ ರೂಮಿಗೆ ಹೋಗು, ಅಲ್ಲಿಗೂ ಕಾಲು ಬಾರದಿದ್ದರೆ ಶನಿವಾರ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಎಕ್ಸ್‌ಪ್ರೆಸ್ ಬಸ್ಸು ಹತ್ತಿ ಇಲ್ಲಿಗೆ ಬಾ, ತಕ್ಕಡಿ ಅಟ್ಟದಿಂದ ಇಳಿಸುತ್ತೇನೆ. ವಾರ್ಡನ್ ಬಿಡುತ್ತಾರೋ ಏನೋ, ಅಮ್ಮನ ಹತ್ತಿರ ಫೋನ್ ಮಾಡಿಸುವ.

ನನಗೊಂದು ಉಪಕಾರ ಆಗಬೇಕು. ನಿನ್ನೆಯಿಂದ ಒಂದು ಲೆಕ್ಕ ಹಿಡಿದು ಕೂತಿದ್ದೇನೆ. 1/ಯಾ < 2. ಎರಡೂ ಕಡೆ ಯಾ ಹಾಕಿ ಗುಣಿಸಿದೆ, 1 < 2ಯಾ ಆಯಿತು, ಅಂದರೆ ಯಾ ಅರ್ಧಕ್ಕಿಂತ ದೊಡ್ಡದು. ಆದರೆ −1 ಇಟ್ಟು ನೋಡಿದರೆ −1 < 2, ಅದೂ ಸರಿಯೇ, ಮತ್ತೆ −1 ನನ್ನ ಉತ್ತರದಲ್ಲಿ ಇಲ್ಲ. ಯಾ ಸಾಲವೋ ಸೊತ್ತೋ ನೋಡದೆ ಗುಣಿಸಿದ್ದೇ ತಪ್ಪು ಅಂತ ಕಾಣುತ್ತದೆ, ಅಲ್ಲಿಂದ ಮುಂದೆ ಹೇಗೆ ಹೋಗಬೇಕು ಅಂತ ಹೊಳೆಯುತ್ತಿಲ್ಲ. ಸೋಮವಾರ ನಿಮ್ಮ ಲೆಕ್ಚರರ ಹತ್ತಿರ ಕೇಳು. ಉಡುಪಿಯಲ್ಲಿ ನಮ್ಮ ದೊಡ್ಡಮ್ಮ ಕೇಳಿದ್ದಾರೆ ಅಂತಲೇ ಹೇಳು, ನನಗೇನೂ ಬೇಸರವಿಲ್ಲ. ಅವರು ಹೇಳಿದ್ದನ್ನು ಒಂದು ಸಾಲೂ ಬಿಡದೆ ಬರೆದು ಕಳಿಸು.

ನಿನ್ನ ದೊಡ್ಡಮ್ಮ