ಗುಡ್ಡದ ಬರೆ ಕಡಿಯುವ ಮುಂಚೆ ಒಂದು ಪತ್ರ

ಪ್ರೀತಿಯ ಪೂವಯ್ಯ,

ಕಡಲೇ ಇಲ್ಲದ ಕೊಡಗಿಂದ ಹೋಗಿ ಅಷ್ಟು ವರ್ಷ ಕಡಲ ತಳದಲ್ಲಿ ಏನು ಹುಡುಕಿದೆ ಅಂತ ಮೊನ್ನೆ ನೀನು ಫೋನಿನಲ್ಲಿ ಕೇಳಿದೆ. ಕೆಸರು ಮಾರಾಯ, ಕೆಸರು.

1981ರ ಜನವರಿ 26ರಂದು ನಮ್ಮ ದೇಶದ ಸಂಶೋಧನಾ ಹಡಗು ಗವೇಷಣಿ ಅರಬ್ಬಿ ಸಮುದ್ರದ ತಳದಿಂದ ಲೋಹದ ಗಂಟುಗಳನ್ನು ಎತ್ತಿತ್ತು. ಆ ಸುದ್ದಿ ಓದಿಯೇ ನಾನು ಗೋವಾದ ಕಡಲ ಸಂಶೋಧನಾ ಸಂಸ್ಥೆಗೆ ಹೊರಟಿದ್ದು. ಅಂಥ ಗಂಟು ಹತ್ತು ಲಕ್ಷ ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್. ಆದರೆ ನನ್ನ ಮನಸ್ಸು ನಿಂತಿದ್ದು ಕೆಸರಲ್ಲಿ.

ತಲೆಗೆ ಭಾರ ಕಟ್ಟಿದ ಕಬ್ಬಿಣದ ಕೊಳವೆಯನ್ನು ತಂತಿಹಗ್ಗದಲ್ಲಿ ಇಳಿಸುತ್ತಿದ್ದೆವು. ನಾಲ್ಕು ಸಾವಿರ ಮೀಟರ್ ಇಳಿಯಲು ಗಂಟೆಗೂ ಜಾಸ್ತಿ ಬೇಕು. ಮೇಲೆ ಬಂದ ಕೆಸರು ಸುಡು ಬಿಸಿಲಲ್ಲೂ ಫ್ರಿಜ್ಜಿನಿಂದ ತೆಗೆದಷ್ಟು ತಣ್ಣಗೆ. ಉದ್ದಕ್ಕೆ ಸೀಳಿ, ಒಂದು ಚೂರು ಹಲ್ಲಿಗೆ ಹಾಕಿ ನೋಡುವುದು ನಮ್ಮ ವಾಡಿಕೆ. ಬೆಣ್ಣೆಯಂತೆ ನುಣ್ಣಗಿದ್ದರೆ ಜೇಡಿ. ಕರಕರ ಅಂದರೆ ದಪ್ಪ ಕಣ.

ಬಂಗಾಳ ಕೊಲ್ಲಿಯ ಒಂದು ಕೊಳವೆ ಇನ್ನೂ ಕಣ್ಣಿಗೆ ಕಟ್ಟಿದೆ. ನುಣ್ಣನೆ ಜೇಡಿಯ ನಡುವೆ ಗೇಣುದ್ದದ ಬೂದು ಪಟ್ಟೆ. ಅಡಿಯಲ್ಲಿ ಮರಳು, ಮೇಲೆ ಹೋದಂತೆ ಸಣ್ಣ. ಹಿಮಾಲಯದ ಮಣ್ಣು ಅದು. ಗಂಗೆ, ಬ್ರಹ್ಮಪುತ್ರೆ ತಂದು ರಾಶಿ ಹಾಕಿದ್ದು ಕಡಲೊಳಗೇ ಕುಸಿದು ನೂರಾರು ಕಿಲೋಮೀಟರ್ ಹರಿದಿತ್ತು. ಜೇಡಿ ಕೂರಲು ಸಾವಿರಾರು ವರ್ಷ ಹಿಡಿದಿತ್ತು. ಆ ಪಟ್ಟೆಯ ಮರಳು ಬಂದು ಬೀಳಲು ಕೆಲವು ಗಂಟೆ ಸಾಕಾಗಿತ್ತು.

2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡಗಳು ಜಾರಿದವಲ್ಲ, ಆಮೇಲೆ ಜೋಡುಪಾಲಕ್ಕೆ ಹೋಗಿದ್ದೆ. ಹಳೆ ಅಭ್ಯಾಸ, ಚೂರು ಮಣ್ಣು ಬಾಯಿಗೆ ಹಾಕಿದೆ. ಕರಕರ. ಅಲ್ಲೇ ಕೂತು ಅತ್ತುಬಿಟ್ಟೆ. ಅಲ್ಲಿನ ಮಣ್ಣು ಪಯಸ್ವಿನಿ ಹೊಳೆ ಹಿಡಿದು ಕಾಸರಗೋಡಿನತ್ತ, ಅರಬ್ಬಿ ಸಮುದ್ರದ ದಾರಿಯಲ್ಲಿತ್ತು. ಮಕ್ಕಂದೂರಿನ ಮಣ್ಣು ಹಾರಂಗಿ ಹೊಳೆಗೆ ಇಳಿದಿತ್ತು.

ಇದನ್ನೆಲ್ಲ ಸುಮ್ನೆ ಬರೆಯುತ್ತಿಲ್ಲ. ಹೋಂಸ್ಟೇ ಕಟ್ಟಲು ಮನೆ ಹಿಂದಿನ ಬರೆ ಕಡಿಸುತ್ತೀಯ ಅಂತ ಕೇಳಿದೆ. ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ಎಲ್ಲಿ? ಮಳೆ ನೀರು ಒಳಗಿಳಿದು ಕಣದಿಂದ ಕಣವನ್ನು ಬಿಡಿಸುತ್ತದೆ. ಆಮೇಲೆ ಹಿಡಿದು ನಿಲ್ಲಿಸುವುದು ಯಾರಿಂದಲೂ ಆಗದು. ನಿನ್ನ ಅಮ್ಮ ಮಲಗುವ ಕೋಣೆ ಆ ಬರೆಯ ಪಕ್ಕದಲ್ಲೇ ಇದೆ ಅಲ್ವಾ?

ಜೆಸಿಬಿಯವನಿಗೆ ಒಂದು ವಾರ ತಡಿ ಅನ್ನು. ಭಾನುವಾರ ಬರುತ್ತೇನೆ. ತೋಟದ ಮೇಲಿನ ಬೇಲಿಯಿಂದ ತೋಡಿನವರೆಗೆ ಇಬ್ಬರೂ ನಡೆದು ನೋಡೋಣ. ಮುಂದಿನ ಅಂಗಳದ ಬದಿಯಲ್ಲಿ ಜಾಗ ಸಿಕ್ಕೀತು.

ನಿನ್ನ,
ಬೋಪಣ್ಣ