ಬಟನ್ ಒತ್ತಿದ ಮೇಲೆ ಏನಾಯಿತೆಂದು ಕಾದು ನೋಡಿ

ಮಾನ್ಯ ಸಂಪಾದಕರೇ,

ಆನ್‌ಲೈನ್ ಅರ್ಜಿಯಲ್ಲಿ ‘ಸಲ್ಲಿಸಿ’ ಒತ್ತಿದ ಮೇಲೆ ಪರದೆ ಬದಲಾಗದಿದ್ದರೆ ಜನ ಮತ್ತೊಮ್ಮೆ ಒತ್ತುತ್ತಾರೆ. ಅರ್ಜಿ ಎರಡು ಸಲ ದಾಖಲಾಗುತ್ತದೆ. ಇದನ್ನು ಯೂನಿಟ್ ಟೆಸ್ಟ್‌ನಲ್ಲೇ (ತಂತ್ರಾಂಶದ ಒಂದೊಂದು ಭಾಗವನ್ನು ತಾನಾಗಿ ಪರೀಕ್ಷಿಸುವ ಕೋಡ್‌ನಲ್ಲೇ) ಹಿಡಿಯಬಹುದು. ಟೆಸ್ಟ್ ಇದ್ದೂ ತಪ್ಪು ನುಸುಳಿದರೆ, ಬಹುಮಟ್ಟಿಗೆ ಆ ಟೆಸ್ಟ್ ಪರದೆ ಬದಲಾಗುವ ಮೊದಲೇ ನೋಡಿ ಮುಗಿಸಿರುತ್ತದೆ.

ರಿಯಾಕ್ಟ್‌ನಲ್ಲಿ ಮಾಡಿದ ವೆಬ್ ಪರದೆಗಳನ್ನು ಪರೀಕ್ಷಿಸುವ ರಿಯಾಕ್ಟ್ ಟೆಸ್ಟಿಂಗ್ ಲೈಬ್ರರಿಯನ್ನೇ ತೆಗೆದುಕೊಳ್ಳಿ. ಜೊತೆಗೆ ಬಳಸುವ, ಬಳಕೆದಾರರ ಕ್ರಿಯೆಗಳನ್ನು ಅನುಕರಿಸುವ ಯೂಸರ್-ಇವೆಂಟ್‌ನ 14ನೇ ಆವೃತ್ತಿಯಲ್ಲಿ ಕ್ಲಿಕ್, ಟೈಪ್ ಎಲ್ಲವೂ ಪ್ರಾಮಿಸ್ (ಫಲಿತಾಂಶ ಆಮೇಲೆ ಬರುತ್ತದೆಂಬ ‘ಭರವಸೆ’) ಹಿಂತಿರುಗಿಸುತ್ತವೆ. ಅದು ಮುಗಿಯುವವರೆಗೆ ಕಾಯಿಸುವ ‘ಅವೇಟ್’ ಪದ ಬಿಟ್ಟರೆ ಕ್ಲಿಕ್ ಮುಗಿಯುವ ಮೊದಲೇ ಮುಂದಿನ ಸಾಲು ಓಡುತ್ತದೆ. ಸರ್ವರ್ ಉತ್ತರದ ನಂತರ ಬರುವ ಸಂದೇಶಕ್ಕೆ ತಕ್ಷಣ ಹುಡುಕುವ ‘ಗೆಟ್‌ಬೈ’ ಸಾಲದು, ಕಾದು ಹುಡುಕುವ ‘ಫೈಂಡ್‌ಬೈ’ ಬೇಕು. ಅದು ಬೇರೆ ಹೇಳದಿದ್ದರೆ 1000 ಮಿಲಿಸೆಕೆಂಡ್‌ವರೆಗೆ ಕಾಯುತ್ತದೆ.

ಹೆಚ್ಚು ಅಪಾಯ ಇರುವುದು ‘ದೋಷ ಸಂದೇಶ ಇಲ್ಲ’ ಎಂದು ಪರೀಕ್ಷಿಸುವ ಟೆಸ್ಟ್‌ಗಳಲ್ಲಿ. ಕ್ಲಿಕ್ ಆದ ಕೂಡಲೇ ನೋಡಿದರೆ ಸಂದೇಶ ಇರುವುದೇ ಇಲ್ಲ, ಅದಿನ್ನೂ ಬಂದಿಲ್ಲವಲ್ಲ! ಟೆಸ್ಟ್ ಹಸಿರಾಗುತ್ತದೆ, ಅಂದರೆ ಪಾಸಾಗುತ್ತದೆ, ತಪ್ಪು ಹಾಗೇ ಉಳಿಯುತ್ತದೆ. ಮೊದಲು ‘ಅರ್ಜಿ ಸ್ವೀಕೃತವಾಗಿದೆ’ ಎಂಬುದು ಕಾಣುವವರೆಗೆ ಕಾಯಿರಿ, ಆಮೇಲೆ ‘ಕ್ವೆರಿಬೈ’ (ಹುಡುಕಿದ್ದು ಸಿಗದಿದ್ದರೂ ಟೆಸ್ಟ್ ಸೋಲಿಸದ ಹುಡುಕಾಟ) ಬಳಸಿ ದೋಷವಿಲ್ಲವೆಂದು ನೋಡಿ.

ಎರಡು ಸಲ ಸಲ್ಲಿಕೆ ಹಿಡಿಯಲು ಸರ್ವರ್ ಬದಲಿಗೆ ನೀವೇ ಬಿಡುಗಡೆ ಮಾಡುವ, ಅಂದರೆ ನೀವು ಹೇಳಿದಾಗಷ್ಟೇ ಉತ್ತರ ಕೊಡುವ ಪ್ರಾಮಿಸ್ ಇಡಿ. ಒಮ್ಮೆ ಕ್ಲಿಕ್ ಮಾಡಿ, ಬಟನ್ ನಿಷ್ಕ್ರಿಯವಾಯಿತೇ ನೋಡಿ, ಮತ್ತೆ ಕ್ಲಿಕ್ ಮಾಡಿ. ಸರ್ವರ್‌ಗೆ ಕರೆ 1 ಸಲ ಮಾತ್ರ ಹೋಗಿರಬೇಕು. ಪ್ರಾಮಿಸ್ ಬಿಡುಗಡೆ ಮಾಡುವುದು ಇದಾದ ಮೇಲೆ. ತಕ್ಷಣ ಉತ್ತರಿಸುವ ನಕಲಿ ಸರ್ವರ್ ಇಟ್ಟರೆ ಆ ನಡುವಿನ ಸ್ಥಿತಿಯನ್ನು ಪರೀಕ್ಷಿಸುವ ಅವಕಾಶವೇ ಕೈತಪ್ಪುತ್ತದೆ. ಟೆಸ್ಟ್ ಓಡಿಸುವ ಸಾಧನವಾದ ಜೆಸ್ಟ್‌ನ ನಕಲಿ ಟೈಮರ್ (ಟೆಸ್ಟ್ ತಾನೇ ಮುಂದೂಡುವ ಗಡಿಯಾರ) ಬಳಸುವವರು ಯೂಸರ್-ಇವೆಂಟ್‌ನ ಸೆಟಪ್‌ನಲ್ಲಿ ಆ ಗಡಿಯಾರವನ್ನು ಮುಂದೂಡುವ ‘ಅಡ್ವಾನ್ಸ್‌ಟೈಮರ್ಸ್’ ಕೊಡದಿದ್ದರೆ ಕ್ಲಿಕ್ ಅಲ್ಲೇ ನಿಂತು, ಟೆಸ್ಟ್ ಜೆಸ್ಟ್‌ನ ಸಾಮಾನ್ಯ ಮಿತಿಯಾದ 5 ಸೆಕೆಂಡ್ ಮೀರಿ ಸೋಲಬಹುದು.

ಟೈಪ್ ಮಾಡಿಸುವಾಗ ‘ರಮೇಶ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ತೃಪ್ತರಾಗಬೇಡಿ. ‘ಶ್ರೀ’ ನಮಗೆ ಒಂದೇ ಅಕ್ಷರ, ಜಾವಾಸ್ಕ್ರಿಪ್ಟ್‌ಗೆ ಅದರ ಉದ್ದ 4. ಹೆಸರಿಗೆ 20ರ ಮಿತಿ ಇಟ್ಟರೆ ಉದ್ದನೆಯ ಕನ್ನಡ ಹೆಸರು ನಡುವೆಯೇ ತುಂಡಾಗುತ್ತದೆ. ‘ಅಕ್ಷರ ಮಾತ್ರ’ ಎಂದು ಯೂನಿಕೋಡ್‌ನ (ಎಲ್ಲ ಲಿಪಿಗಳ ಅಕ್ಷರಗಳಿಗೆ ಸಂಕೇತ ಕೊಡುವ ವ್ಯವಸ್ಥೆಯ) ಎಲ್ (ಅಕ್ಷರ) ವರ್ಗವನ್ನಷ್ಟೇ ಒಪ್ಪುವ ನಿಯಮ ನಮ್ಮ ಗುಣಿತ ಚಿಹ್ನೆಗಳನ್ನೂ ಹಲಂತವನ್ನೂ ತಿರಸ್ಕರಿಸುತ್ತದೆ. ಆ ಚಿಹ್ನೆಗಳಿರುವ ಎಂ ವರ್ಗವನ್ನೂ ಸೇರಿಸಬೇಕು. ಕನ್ನಡಿಗರಿಗಾಗಿ ಮಾಡಿದ ಫಾರ್ಮ್‌ನ ಟೆಸ್ಟ್‌ನಲ್ಲಿ ಕನ್ನಡದ ಒಂದು ಹೆಸರಾದರೂ ಇರಲೇಬೇಕೆಂದು ತಂತ್ರಾಂಶ ತಂಡಗಳನ್ನು ಕೋರುತ್ತೇವೆ.

— ವೆಬ್ ತಂತ್ರಾಂಶ ಪರೀಕ್ಷಕರು, ಬೆಂಗಳೂರು