ಪ್ರಾಗ್ ಪ್ರವಾಸಕ್ಕೆ ಹೆಸರು ಕೊಟ್ಟವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮೊದಲು ಷೆಂಗೆನ್ ವೀಸಾ (ಯೂರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ) ನೋಡಿಕೊಳ್ಳಿ. ಹೊರಡುವ 6 ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಬಹುದು. ದೊಡ್ಡವರಿಗೆ ಶುಲ್ಕ 90 ಯೂರೋ, ವೀಸಾ ಸಿಗದಿದ್ದರೂ ವಾಪಸ್ ಬರುವುದಿಲ್ಲ. ಹಾಗಾಗಿ ಕಾಗದಪತ್ರ ಸರಿಯಾಗಿರಲಿ. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ.

ಅಲ್ಲಿನ ಹಣ ಯೂರೋ ಅಲ್ಲ, ಕೊರುನಾ. ಕಾರ್ಡ್ ಉಜ್ಜುವಾಗ ರೂಪಾಯಿಯೋ ಕೊರುನಾವೋ ಎಂದು ಯಂತ್ರ ಕೇಳಿದರೆ ಕೊರುನಾ ಒತ್ತಿ, ಇಲ್ಲದಿದ್ದರೆ ವಿನಿಮಯ ದರದಲ್ಲೇ ದುಡ್ಡು ಸೋರುತ್ತದೆ. ಟ್ಯಾಕ್ಸಿ ಬೇಡ. ಟ್ರಾಮ್, ಮೆಟ್ರೋ, ಬಸ್ ಮೂರಕ್ಕೂ ಒಂದೇ ಟಿಕೆಟ್ ಸಾಕು.

ಚಾರ್ಲ್ಸ್ ಸೇತುವೆಗೆ ಬೆಳಗ್ಗೆ 6ಕ್ಕೇ ಹೋಗೋಣ. ಜನರಿಲ್ಲದ ಆ ಹೊತ್ತಿನಲ್ಲಿ ವಲ್ತಾವಾ ನದಿ, ಮೇಲೆ ಕೋಟೆ, ಎಲ್ಲ ನೋಡಲು ಒಂದು ಕಾಸೂ ಖರ್ಚಿಲ್ಲ. ಹಿರಿಯರು ಗಟ್ಟಿ ಶೂ ತನ್ನಿ, ಬೀದಿಗಳೆಲ್ಲ ಕಲ್ಲುಹಾಸು. ಬರುವವರು ಭಾನುವಾರದೊಳಗೆ ಇಲ್ಲೇ ತಿಳಿಸಿ.